ಕಡಲ ದಡಕ್ಕೆ ಹೊರಟ ನಮ್ಮೂರವರಿಗೆ: ಮರಳ ಮೇಲೆ ನಿಂತ ಹಕ್ಕಿಗಳನ್ನು ಎಬ್ಬಿಸಬೇಡಿ

ದಾವಣಗೆರೆ, ಚಿತ್ರದುರ್ಗದಿಂದ ಈ ಬೇಸಿಗೆ ರಜೆಗೆ ಗೋಕರ್ಣ, ಕುಮಟಾ ಕಡೆ ಹೊರಟಿರುವ ಎಲ್ಲರಿಗೂ ನಮಸ್ಕಾರ.

ಪರೀಕ್ಷೆಗಳು ಮುಗಿದಿವೆ. ಊರಲ್ಲಿ ಬೆಳಗ್ಗೆ ಹತ್ತಕ್ಕೇ ಡಾಂಬರು ಕಾಯುತ್ತಿದೆ. ನಮ್ಮ ಬೀದಿಯಲ್ಲೇ ಮೂರು ಮನೆಯವರು ಟೆಂಪೊ ಟ್ರಾವೆಲರ್ ಮಾತಾಡಿಟ್ಟಿದ್ದಾರೆ. ಮಂಡಕ್ಕಿ, ಚಟ್ನಿಪುಡಿ ಕಟ್ಟಿಕೊಂಡು, ನಸುಕಿನಲ್ಲಿ ಹೊರಟರೆ ಶಿರಸಿ ದಾಟಿ ಘಟ್ಟ ಇಳಿದು ಮಧ್ಯಾಹ್ನದ ಊಟಕ್ಕೆ ಕಡಲ ಗಾಳಿ ಸಿಗುತ್ತದೆ. ಹೋಗಿ ಬನ್ನಿ. ಆದರೆ ಹೊರಡುವ ಮೊದಲು ಈ ಪತ್ರ ಓದಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ನಾಲ್ಕು ದಿನ ತದಡಿ ಬಂದರು ಮತ್ತು ಗೋಕರ್ಣದ ಕಡಲಂಚಿನ ಗುಡ್ಡಗಳ ಸುತ್ತ ಹಕ್ಕಿ ನೋಡುತ್ತಾ ಓಡಾಡುತ್ತೇನೆ. ನನ್ನ ಕೋರಿಕೆ ಒಂದೇ. ಮರಳಿನ ಮೇಲೆ ಗುಂಪಾಗಿ ಸುಮ್ನೆ ನಿಂತಿರುವ ಹಕ್ಕಿಗಳು ಕಂಡರೆ ಅವುಗಳ ಕಡೆ ಓಡಬೇಡಿ. ಮಕ್ಕಳನ್ನೂ ಓಡಿಸಬೇಡಿ.

ಯಾಕೆ ಬೇಡ ಅಂತ ಗೊತ್ತಾಗದಿದ್ದರೆ ಇದು ಬೋರ್ಡಿನ ಮೇಲೆ ಬರೆದ ಸಾಲಿನ ಹಾಗೆ ಆಗುತ್ತದೆ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಈ ತಪ್ಪನ್ನು ಮೊದಲು ಮಾಡಿದವಳು ನಾನೇ. ಮೊದಲ ಸಲ ಹೋದಾಗ ನನ್ನ ಮಗನಿಗೆ ಏಳು, ಮಗಳಿಗೆ ನಾಲ್ಕು ವರ್ಷ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಹತ್ತಿರದ ಮರಳದಿಬ್ಬದ ಮೇಲೆ ಇನ್ನೂರಕ್ಕೂ ಜಾಸ್ತಿ ಸಣ್ಣ ಹಕ್ಕಿಗಳು ನಿಂತಿದ್ದವು. ಎಲ್ಲವೂ ಗಾಳಿಗೆ ಮುಖ ಕೊಟ್ಟು, ಕೆಲವು ಒಂಟಿಕಾಲಲ್ಲಿ, ಕೆಲವು ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ತೂರಿಸಿಕೊಂಡು. ಒಟ್ಟಿಗೆ ಹಾರಿದರೆ ಫೋಟೊ ಚೆನ್ನಾಗಿ ಬರುತ್ತದೆ ಅನ್ನಿಸಿತು. ಮಕ್ಕಳಿಗೆ ‘ಓಡಿ’ ಅಂದೆ. ಓಡಿದರು. ಹಕ್ಕಿಗಳೆಲ್ಲ ಒಂದೇ ಸಲಕ್ಕೆ ಎದ್ದವು, ಬಿಸಿಲಿಗೆ ಹೊಟ್ಟೆ ಹೊಳೆಯಿತು, ತಿರುಗಿದವು, ಮತ್ತೆ ಅಲ್ಲೇ ಇಳಿದವು. ಫೋಟೊ ಅಲುಗಾಡಿತ್ತು. ಮತ್ತೆ ಓಡಿಸಿದೆ. ಹೀಗೆ ನಾಲ್ಕು ಸಲ.

ಅಲ್ಲೇ ಬುಟ್ಟಿ ಇಟ್ಟುಕೊಂಡು ನೀರು ಇಳಿಯುವುದನ್ನು ಕಾಯುತ್ತಾ ಒಬ್ಬ ಅಜ್ಜಿ ಕೂತಿದ್ದರು. ಬಳಚು ತೆಗೆಯಲು ಬಂದವರು. ಬಳಚು ಅಂದರೆ ಅಲ್ಲಿನ ಕೆಸರಲ್ಲಿ ಸಿಗುವ ಚಿಪ್ಪಿನ ಜೀವಿ. ಅವರ ಊಟವೂ ಹೌದು, ದುಡಿಮೆಯೂ ಹೌದು. ಅಜ್ಜಿ ಗದರಲಿಲ್ಲ. ‘ಯಂತಕೆ ಓಡಿಸ್ತ್ರಿ ಅವ್ಕೆ? ನಾನು ಕಾದಂಗೇ ಅವೂ ಕಾಯ್ತವೆ’ ಅಂದರು. ನನಗೆ ಅರ್ಥ ಆಗಲಿಲ್ಲ. ಏನು ಕಾಯುತ್ತವೆ ಅಂತ ಕೇಳಿದೆ. ಅವರು ಕೈ ಚಾಚಿ ನೀರು ತೋರಿಸಿದರು.

ಬಯಲುಸೀಮೆಯವರಾದ ನಮಗೆ ಈ ನೀರಿನ ಲೆಕ್ಕ ಬೇಗ ತಲೆಗೆ ಹೋಗುವುದಿಲ್ಲ. ನಮ್ಮ ಕೆರೆ ಇಳಿಯುವುದು ವರ್ಷಕ್ಕೊಮ್ಮೆ. ಯುಗಾದಿ ಹೊತ್ತಿಗೆ ಅಂಚಿನ ಕೆಸರು ಕಾಣುತ್ತದೆ, ಮಳೆ ಬಿದ್ದ ಮೇಲೆ ಮುಳುಗುತ್ತದೆ. ಕಡಲು ಹಾಗಲ್ಲ. ಹೆಚ್ಚುಕಡಿಮೆ ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತಿನ ಉಬ್ಬರಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜಾಸ್ತಿ.

ಈ ಹಕ್ಕಿಗಳ ದಿನವನ್ನು ನಡೆಸುವುದು ಸೂರ್ಯನಲ್ಲ, ಆ ನೀರು. ನೀರು ಇಳಿದಾಗ ಅಘನಾಶಿನಿ ಅಳಿವೆಯ ಕೆಸರು ತೆರೆದುಕೊಳ್ಳುತ್ತದೆ. ಹುಳು, ಸಣ್ಣ ಏಡಿ, ಮರಿಚಿಪ್ಪು ಎಲ್ಲ ಆ ಕೆಸರಲ್ಲೇ. ಹಕ್ಕಿಗಳು ಆಗ ತಿನ್ನಬೇಕು, ರಾತ್ರಿಯಾದರೂ ಸರಿ. ನೀರು ಏರಿದಾಗ ಊಟದ ಬಯಲು ಮುಳುಗುತ್ತದೆ. ಆಗ ಒಣಗಿದ ಒಂದು ಮರಳದಿಬ್ಬವೋ, ಬಂಡೆಯ ತುದಿಯೋ ಹುಡುಕಿಕೊಂಡು ಒತ್ತೊತ್ತಾಗಿ ನಿಲ್ಲುತ್ತವೆ. ತಿಂದದ್ದು ಅರಗಬೇಕು, ಮೈಗೆ ಹತ್ತಬೇಕು, ಪುಕ್ಕ ತೀಡಿಕೊಳ್ಳಬೇಕು, ನಿದ್ದೆ ಮಾಡಬೇಕು. ನಮ್ಮ ಕಣ್ಣಿಗೆ ಅವು ಸುಮ್ನೆ ನಿಂತಿವೆ.

ಏಪ್ರಿಲ್‌ನಲ್ಲಿ ಈ ನಿಲ್ಲುವಿಕೆಗೆ ಇನ್ನೂ ದೊಡ್ಡ ಬೆಲೆ ಇದೆ. ನಾನು ಅವತ್ತು ಓಡಿಸಿದವು ಜಾಸ್ತಿ ಸ್ಯಾಂಡ್ ಪ್ಲೋವರ್ ಅನ್ನುವ ಸಣ್ಣ ವಲಸೆ ಹಕ್ಕಿಗಳು. ಚಳಿಗಾಲದಲ್ಲಿ ನೋಡಿದರೆ ಮರಳಿನದೇ ಬಣ್ಣ, ಎರಡನೇ ಸಲ ತಿರುಗಿ ನೋಡುವುದಿಲ್ಲ. ಮಾರ್ಚ್ ಕಳೆಯುತ್ತಿದ್ದ ಹಾಗೆ ಎದೆಗೆ ಇಟ್ಟಿಗೆ ಕೆಂಪು ಬರುತ್ತದೆ, ಕಣ್ಣಿನ ಸುತ್ತ ಕಪ್ಪು ಪಟ್ಟಿ ಕಟ್ಟುತ್ತದೆ. ಅದು ಮದುವೆಯ ಬಣ್ಣ. ಮದುವೆ ಇಲ್ಲಿ ನಡೆಯುವುದಿಲ್ಲ. ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲಿಗೆ ಹೋಗಬೇಕು. ಗೋಕರ್ಣದಿಂದ 2000 ಕಿಲೋಮೀಟರ್‌ಗೂ ಹೆಚ್ಚು ದೂರ. ಹಕ್ಕಿಯ ತೂಕ ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ಇಷ್ಟು ದೂರಕ್ಕೆ ಅದರ ಬುತ್ತಿ ಅಂದರೆ ಚರ್ಮದ ಕೆಳಗೆ ಕೂಡಿಟ್ಟ ಕೊಬ್ಬು. ಹೊರಡುವ ಮುಂಚಿನ ಕೆಲವು ವಾರಗಳಲ್ಲಿ ಇಂಥ ದಡದ ಹಕ್ಕಿಗಳು ತಿಂದು ತಿಂದು ದಪ್ಪಗಾಗುತ್ತವೆ. ಕೆಲವು ಜಾತಿಗಳಲ್ಲಂತೂ ಮೈತೂಕ ಸುಮಾರು ಎರಡರಷ್ಟಾಗುತ್ತದೆ.

ದಡದ ಹಕ್ಕಿಗಳಿಗೆ ಈ ಕೊಬ್ಬು ಏನು ಮಾಡಿಸಬಲ್ಲದು ಅನ್ನುವುದಕ್ಕೆ ತರಗತಿಯಲ್ಲಿ ನಾನು ಒಂದು ಉದಾಹರಣೆ ಹೇಳುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಒಂದು ಬಾರ್‌ಟೇಲ್ಡ್ ಗಾಡ್‌ವಿಟ್ ಮರಿ, ಹುಟ್ಟಿ ಐದು ತಿಂಗಳಾಗಿತ್ತಷ್ಟೇ, ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಹಾರಿತು. 11 ದಿನ, 13,560 ಕಿಲೋಮೀಟರ್. ಮೈಮೇಲಿದ್ದ ಉಪಕರಣದಿಂದ ಅದು ದಾಖಲಾಯಿತು. ಊಟ ಇಲ್ಲ, ನೀರಿಲ್ಲ. ಮಕ್ಕಳು ಇದನ್ನು ಕೇಳಿದಾಗ ಒಂದು ನಿಮಿಷ ತರಗತಿಯಲ್ಲಿ ಸದ್ದೇ ಇರುವುದಿಲ್ಲ.

ಈಗ ಲೆಕ್ಕ ಹಾಕಿ. ನಾಲ್ಕು ಸಲ ನಾನು ಎಬ್ಬಿಸಿದೆ. ನನ್ನ ನಂತರ ಇನ್ನೊಂದು ಕುಟುಂಬ ಬಂತು. ಸಂಜೆಗೆ ಬೈಕಿನವರು ಬಂದರು. ಬೀದಿನಾಯಿಗಳು ಹೇಗೂ ಇವೆ. ಪ್ರತಿ ಸಲ ಏಳುವಾಗಲೂ ಅದೇ ಬುತ್ತಿಯಿಂದ ಖರ್ಚು. ಬುತ್ತಿ ತುಂಬದೆ ಹೊರಟ ಹಕ್ಕಿ ದಾರಿಯಲ್ಲಿ ಉಳಿಯಬಹುದು, ಇಲ್ಲವೇ ತಡವಾಗಿ ತಲುಪಬಹುದು. ಅಲ್ಲಿ ಬೇಸಿಗೆ ಬಹಳ ಚಿಕ್ಕದು, ತಡವಾದರೆ ಮರಿ ಮಾಡಲು ಹೊತ್ತೇ ಸಾಲುವುದಿಲ್ಲ. ನನ್ನ ಆ ಅಲುಗಾಡಿದ ಫೋಟೊ ಇನ್ನೂ ಇದೆ. ಅಳಿಸಿಲ್ಲ.

ನೀವು ಹೋದಾಗ ಹೀಗೆ ಮಾಡಿ. ಗುಂಪು ಕಂಡ ಕೂಡಲೇ ನಿಲ್ಲಿ. ಕೂತುಕೊಂಡರೆ ಇನ್ನೂ ಒಳ್ಳೆಯದು. ನಿದ್ದೆಯಲ್ಲಿದ್ದ ಹಕ್ಕಿಗಳು ತಲೆ ಎತ್ತಿದರೆ ನೀವು ಹತ್ತಿರ ಬಂದಿದ್ದೀರಿ ಅಂತ ಅರ್ಥ. ಎರಡು ಕಾಲೂ ಊರಿ ಆಚೆ ಕಡೆ ನಡೆಯಲು ಶುರು ಮಾಡಿದರೆ ಜಾಸ್ತಿಯೇ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ. ನಿಮ್ಮ ಟೆಂಪೊ ಚಾಲಕರಿಗೂ ಹೇಳಿ, ಗಾಡಿ ಮರಳಿಗೆ ಇಳಿಯುವುದು ಬೇಡ. ಮಕ್ಕಳಿಗೆ ಓಡಬೇಕು ಅನ್ನಿಸುವುದು ಸಹಜ ಅಲ್ವಾ? ಓಡಲಿ, ಹಕ್ಕಿಗಳಿಲ್ಲದ ಕಡೆಗೆ. ಎಷ್ಟೊಂದು ಮರಳಿದೆ ಅಲ್ಲಿ.

ಹತ್ತಿರದಿಂದ ಹಕ್ಕಿ ನೋಡಲೇಬೇಕು ಅನ್ನುವವರಿಗೆ ನನ್ನ ಸಲಹೆ ಬೀಚ್ ಅಲ್ಲ, ತದಡಿ ಬಂದರು. ಮಕ್ಕಳಿಗಂತೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಲ್ಲಿನ ಹಕ್ಕಿಗಳು ಜನರ ನಡುವೆಯೇ ಬದುಕುವಂಥವು, ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬೆಳಗ್ಗೆ ಬೋಟುಗಳು ಬರುವ ಹೊತ್ತಿಗೆ ಹೋಗಿ. ಮೀನು ಇಳಿಸುವವರ ದಾರಿಗೆ ಅಡ್ಡ ನಿಲ್ಲದೆ ಒಂದು ಮೂಲೆ ಹಿಡಿದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಹಾಗಾಗಿ ಏಪ್ರಿಲ್, ಮೇ ಅಂದರೆ ಅವರಿಗೆ ಪುರುಸೊತ್ತಿಲ್ಲದ ಕಾಲ. ಒಂದು ಕಡೆ ಮೀನು ಒಣಗಿಸುತ್ತಿರುತ್ತಾರೆ. ಮೂಗು ಮುಚ್ಚಿಕೊಳ್ಳಬೇಡಿ, ಅದು ಅವರ ಅನ್ನ.

ಅಲ್ಲಿ ತಲೆಯ ಮೇಲೆ ಸುತ್ತುವ ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆಯ ಹಕ್ಕಿ ಗರುಡ. ನಮ್ಮಲ್ಲೂ ಕೆರೆಗಳ ಮೇಲೆ ಒಂದೋ ಎರಡೋ ಕಾಣುತ್ತವೆ. ಬಂದರಿನಲ್ಲಿ ಒಂದೇ ನೋಟಕ್ಕೆ ಇಪ್ಪತ್ತು ಎಣಿಸಿದ್ದೇನೆ. ನೀರಿಗೆ ಇಳಿಯದೆ, ಕಾಲು ಮಾತ್ರ ಚಾಚಿ, ಮೇಲ್ಪದರದಿಂದ ಮೀನಿನ ಚೂರು ಎತ್ತಿಕೊಂಡು ಹಾರುತ್ತಲೇ ತಿನ್ನುತ್ತದೆ. ಅದನ್ನು ನೋಡುತ್ತಾ ನನ್ನ ಮಗಳು ಒಂದು ಗಂಟೆ ಮೊಬೈಲ್ ಕೇಳಲಿಲ್ಲ. ಬೋಟಿನ ಹಗ್ಗದ ಮೇಲೆ, ಕಲ್ಲಿನ ಮೇಲೆ ಬೂದುಗಪ್ಪು ಮೈಯ ಒಂದು ಬೆಳ್ಳಕ್ಕಿ ನಿಂತಿರುತ್ತದೆ. ಗಂಟಲು ಮಾತ್ರ ಬಿಳಿ. ಕಪ್ಪಗಿದ್ದರೂ ಅದು ಬೆಳ್ಳಕ್ಕಿ ಜಾತಿಯೇ, ರೀಫ್ ಈಗ್ರೆಟ್. ಅದರಲ್ಲೇ ಪೂರ್ತಿ ಬಿಳಿ ಇರುವವೂ ಉಂಟು. ನಮ್ಮ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ನಡೆಯುವ ಬೆಳ್ಳಕ್ಕಿಗಳಿಗೆ ಇದು ಕಡಲ ಕಡೆಯ ನೆಂಟ.

ಆಮೇಲೆ ಕಡಲಕ್ಕಿಗಳು, ಅಂದರೆ ಗಲ್‌ಗಳು. ಜನವರಿಯಲ್ಲಿ ಬಿಳಿ ತಲೆ, ಕಣ್ಣಿನ ಹಿಂದೆ ಒಂದು ಕಪ್ಪು ಬೊಟ್ಟು ಅಷ್ಟೇ. ಹೊರಡುವ ಕಾಲ ಬಂದ ಹಾಗೆ ತಲೆಯೆಲ್ಲ ಕಂದು ಬಣ್ಣಕ್ಕೆ ತಿರುಗುತ್ತದೆ, ಟೋಪಿ ಹಾಕಿದ ಹಾಗೆ. ಏಪ್ರಿಲ್ ಮೊದಲ ವಾರ ಬಂದರಿನಲ್ಲಿ ಕಂಡರೆ ನೋಡಿ, ಒಂದರದ್ದು ಅರ್ಧ ಟೋಪಿ, ಒಂದರದ್ದು ಪೂರ್ತಿ. ಪೂರ್ತಿ ಆದವು ಮೊದಲು ಹೋಗುತ್ತವೆ ಅಂತ ನನ್ನ ಅನಿಸಿಕೆ. ತಿಂಗಳು ಮುಗಿಯುವ ಹೊತ್ತಿಗೆ ಹೆಚ್ಚಿನವು ಇರುವುದಿಲ್ಲ. ಕಂದುತಲೆಯ ಗಲ್ ಕೂಡ ಮರಿ ಮಾಡುವುದು ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳಲ್ಲೇ. ದಯವಿಟ್ಟು ಅವಕ್ಕೆ ಮಂಡಕ್ಕಿ, ಚಿಪ್ಸ್ ಎಸೆಯಬೇಡಿ. ಪ್ರೀತಿಯಿಂದಲೇ ಎಸೆಯುತ್ತೀರಿ, ಗೊತ್ತು. ಆದರೆ ದೂರ ಹಾರುವ ಹಕ್ಕಿಗೆ ಮೀನು ಬೇಕು, ಉಪ್ಪು ಖಾರದ ಉಬ್ಬಿದ ಕಾಳು ಹೊಟ್ಟೆಯ ಜಾಗ ತಿನ್ನುತ್ತದೆ ಅಷ್ಟೇ.

ಗುಡ್ಡದ ಮಾತು ಬೇರೆ. ಕುಡ್ಲೆ, ಓಂ, ಹಾಫ್ ಮೂನ್ ಬೀಚ್‌ಗಳ ನಡುವೆ ಬೆಟ್ಟದ ಮೂಗು ಕಡಲಿಗೆ ಚಾಚಿಕೊಂಡಿದೆ. ಮೇಲೆ ಮುರಕಲ್ಲು, ಕೆಳಗೆ ಬಂಡೆ, ಅಲೆ. ಚಿತ್ರದುರ್ಗದವರಿಗೆ ಬಂಡೆ ಹತ್ತುವುದನ್ನು ಯಾರೂ ಕಲಿಸಬೇಕಿಲ್ಲ, ಆದರೆ ಒದ್ದೆ ಬಂಡೆ ಕೋಟೆಯ ಬಂಡೆಯಲ್ಲ, ಪಾಚಿ ಜಾರುತ್ತದೆ. ಎಂಟು ಗಂಟೆಯೊಳಗೆ ಮೇಲೆ ಹೋಗಿ ಕಡಲಿಗೆ ಮುಖ ಮಾಡಿ ಕೂತರೆ ಸಾಕು. ಕೊಕ್ಕು ಕೆಳಗೆ ಮಾಡಿ ಹಾರುತ್ತಾ ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುವವು ರೀವಗಳು, ಅಂದರೆ ಟರ್ನ್ ಹಕ್ಕಿಗಳು. ಅದೃಷ್ಟ ಇದ್ದರೆ ಬಿಳಿಹೊಟ್ಟೆಯ ಕಡಲಹದ್ದು ನಿಮ್ಮ ಕಣ್ಣಿನ ಮಟ್ಟದಲ್ಲೇ ತೇಲಿಕೊಂಡು ಹೋಗುತ್ತದೆ. ಅಗಲ ರೆಕ್ಕೆ, ಚಿಕ್ಕ ಬೆಣೆಯಂಥ ಬಾಲ. ಮೀನಿನ ಜೊತೆಗೆ ಸಮುದ್ರದ ಹಾವನ್ನೂ ಹಿಡಿಯುತ್ತದೆ. ದೊಡ್ಡ ಮರದ ಮೇಲೆ ಕಡ್ಡಿಗಳ ಗೂಡು ಕಟ್ಟಿ ವರ್ಷಗಟ್ಟಲೆ ಅದಕ್ಕೇ ಕಡ್ಡಿ ಸೇರಿಸುತ್ತಾ ಹೋಗುತ್ತದೆ. ಎರಡು ವರ್ಷದ ಹಿಂದೆ ಯಾರೋ ಒಬ್ಬರು ಅದರ ಹತ್ತಿರಕ್ಕೆ ಡ್ರೋನ್ ಬಿಟ್ಟಿದ್ದನ್ನು ನೋಡಿದೆ. ಜೋಡಿ ಹದ್ದು ಎದ್ದು ಕೂಗುತ್ತಾ ಅರ್ಧ ಗಂಟೆ ಸುತ್ತಿದವು. ನಾವು ಐದು ಜನ ಕೆಳಗಿದ್ದೆವು, ಯಾರೂ ಬಾಯಿ ಬಿಡಲಿಲ್ಲ. ಈಗ ನಾನು ಹೋಗಿ ಹೇಳುತ್ತೇನೆ. ನೀವೂ ಹೇಳಿ.

ಮೇ ಕೊನೆಗೆ ಹೋಗುವವರಿಗೆ ಇನ್ನೊಂದು ವಿಷಯ. ಮುಂಗಾರಿಗೆ ಮುಂಚಿನ ಜೋರು ಗಾಳಿಗೆ, ನಡುಗಡಲಲ್ಲೇ ಇರುವ ಹಕ್ಕಿಗಳು ಸುಸ್ತಾಗಿ ದಡಕ್ಕೆ ಬಂದು ಬೀಳುವುದುಂಟು. ಅಂಥದ್ದು ಸಿಕ್ಕರೆ ಮತ್ತೆ ನೀರಿಗೆ ಎಸೆಯಬೇಡಿ. ರಟ್ಟಿನ ಡಬ್ಬಿಗೆ ತೂತು ಮಾಡಿ, ಬಟ್ಟೆ ಹಾಸಿ, ಅದರಲ್ಲಿಟ್ಟು ನೆರಳಲ್ಲಿಡಿ. ಬಾಯಿಗೆ ನೀರು ಹಾಕುವುದು ಬೇಡ. ಅರಣ್ಯ ಇಲಾಖೆಯವರಿಗೆ ತಿಳಿಸಿ.

ಮೂರು ವರ್ಷದ ಹಿಂದೆ ನಮ್ಮ ಅತ್ತೆಯೂ ಜೊತೆಗೆ ಬಂದಿದ್ದರು. ಅಳಿವೆಯ ಬಿಸಿಲಲ್ಲಿ ಛತ್ರಿ ಹಿಡಿದುಕೊಂಡು ಕೂತು ಕೇಳಿದರು: ‘ಹಕ್ಕಿ ನೋಡಾಕೆ ಇಷ್ಟು ದೂರ ಬರಬೇಕೇನವ್ವಾ? ನಮ್ಮ ಕೊಂಡಜ್ಜಿ ಕೆರಿಯಾಗೆ ಹಕ್ಕಿ ಇಲ್ಲೇನು?’

ಆ ಪ್ರಶ್ನೆಗೆ ನಾನು ಇವತ್ತಿಗೂ ಉತ್ತರ ಹುಡುಕುತ್ತಲೇ ಇದ್ದೇನೆ. ಇವೆ ಅತ್ತೆ, ಇವೆ. ಏಪ್ರಿಲ್‌ನಲ್ಲಿ ನೀರು ಹಿಂದೆ ಸರಿದ ನಮ್ಮ ಕೆರೆಗಳ ಕೆಸರಲ್ಲೂ ಬಾಲ ಕುಣಿಸುತ್ತಾ ಸ್ಯಾಂಡ್‌ಪೈಪರ್‌ಗಳು ಓಡಾಡುತ್ತವೆ. ಅವೂ ಹೊರಡುವ ಆತುರದಲ್ಲೇ ಇರುತ್ತವೆ. ಕಡಲದಡ ಒಂದು ನಿಲ್ದಾಣವಾದರೆ ನಮ್ಮ ಕೆರೆ ಇನ್ನೊಂದು. ಹುಬ್ಬಳ್ಳಿ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ನಿಂತು ಹೋಗುವ ಹಾಗೆ. 2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ಜಾಗಗಳಿಗೆ ಒಟ್ಟಿಗೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕ ಸುದ್ದಿ ಬಂತು. ಅಂದರೆ ಜಗತ್ತಿನ ಮಟ್ಟದಲ್ಲಿ ಉಳಿಸಿಕೊಳ್ಳಬೇಕಾದ ನೀರಿನ ತಾಣ ಅನ್ನುವ ಮಾನ್ಯತೆ. ಒಂದು ಇದೇ ಅಘನಾಶಿನಿ ಅಳಿವೆ. ಇನ್ನೊಂದು ಗದಗ ಜಿಲ್ಲೆಯ ಮಾಗಡಿ ಕೆರೆ. ಮೂರನೆಯದು ಅಂಕಸಮುದ್ರ, ನಾವು ಹರಪನಹಳ್ಳಿ ದಾಟಿ ಹಗರಿಬೊಮ್ಮನಹಳ್ಳಿ ಕಡೆ ಹೋದರೆ ಸಿಗುವ ಕೆರೆ. ಅದು ನೂರು ಹೆಕ್ಟೇರ್ ಕೂಡ ಇಲ್ಲ. ಅಳಿವೆಯೋ 4,801 ಹೆಕ್ಟೇರ್. ಚಿಕ್ಕದು, ದೊಡ್ಡದು ಅನ್ನದೆ ಒಂದೇ ಪಟ್ಟಿಯಲ್ಲಿ ಸೇರಿಸಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ತನ್ನ ಪಾಡಿಗೆ ಹರಿದು ಕಡಲು ಸೇರುತ್ತದೆ. ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅಂತ ದಿನ ಎಣಿಸುವ ನಮ್ಮ ಕಡೆಯವರಿಗೆ ಇದು ಕಥೆಯ ಹಾಗೆ ಕೇಳಿಸುತ್ತದೆ. ನಾನು ನಾಲೆಯ ನೀರಲ್ಲಿ ಬೆಳೆದ ಅನ್ನ ಉಂಡವಳು, ಅಣೆಕಟ್ಟನ್ನು ದೂರುವುದಿಲ್ಲ. ಆದರೆ ಹೀಗೂ ಒಂದು ನದಿ ಉಳಿದಿದೆಯಲ್ಲ. ಅದು ಹೊತ್ತು ತರುವ ಮಣ್ಣೇ ಅಳಿವೆಯ ಕೆಸರು, ಆ ಕೆಸರಲ್ಲೇ ಅಜ್ಜಿಯ ಬಳಚು, ಹಕ್ಕಿಯ ಹುಳು. ಪಕ್ಕದ ಗಜನಿ ಗದ್ದೆಗಳಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪುನೀರನ್ನೂ ತಡೆದುಕೊಳ್ಳುವ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಸಿಕ್ಕರೆ ಒಂದು ಕಿಲೋ ಅಕ್ಕಿ ತನ್ನಿ.

ಶಾಲೆಗಳಿಂದ ಪ್ರವಾಸ ಕರೆದೊಯ್ಯುವ ನನ್ನ ಜೊತೆಯ ಶಿಕ್ಷಕರಲ್ಲೂ ಒಂದು ಕೋರಿಕೆ. ಪ್ರವಾಸದ ಪಟ್ಟಿ ಬರೆಯುವಾಗ ದೇವಸ್ಥಾನದ ಸಮಯ ಬರೆಯುತ್ತೀರಿ, ಊಟದ ಸಮಯ ಬರೆಯುತ್ತೀರಿ. ಜೊತೆಗೆ ಅವತ್ತಿನ ಉಬ್ಬರ ಇಳಿತದ ಸಮಯವನ್ನೂ ಬರೆದುಕೊಳ್ಳಿ. ಮೊಬೈಲಿನಲ್ಲಿ ಸಿಗುತ್ತದೆ. ಅಲ್ಲಿ ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ. ನೀರು ಇಳಿಯುವ ಹೊತ್ತಿಗೆ ದಂಡೆಯಲ್ಲಿ ದೂರ ಕೂರಿಸಿ ಮಕ್ಕಳಿಗೆ ತೋರಿಸಿ. ಕೆಸರು ಒಂದೊಂದೇ ಗೇಣು ಕಾಣುತ್ತಾ ಬರುತ್ತದೆ. ನಿದ್ದೆಯಲ್ಲಿದ್ದ ಗುಂಪಿನಲ್ಲಿ ಒಂದು ಹಕ್ಕಿ ರೆಕ್ಕೆ ಚಾಚಿ ಮೈಮುರಿಯುತ್ತದೆ, ಇನ್ನೊಂದು ನಾಲ್ಕು ಹೆಜ್ಜೆ ಓಡುತ್ತದೆ, ಆಮೇಲೆ ಇಡೀ ಗುಂಪು ಯಾರೂ ಎಬ್ಬಿಸದೆ ತಾನಾಗಿ ಎದ್ದು ಊಟಕ್ಕೆ ಹೋಗುತ್ತದೆ. ಅದನ್ನು ನೋಡಿದ ನನ್ನ ಮಗ ಆಮೇಲೆ ಒಂದು ಸಲವೂ ಹಕ್ಕಿ ಓಡಿಸಲಿಲ್ಲ. ನಾನು ಬೇಡ ಅನ್ನಬೇಕಾಗಲೇ ಇಲ್ಲ.

ಮೇ ತಿಂಗಳ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ. ಅಷ್ಟೊತ್ತಿಗೆ ಕೆಂಪೆದೆಯ ಹೆಚ್ಚಿನ ಹಕ್ಕಿಗಳು ಕರಾವಳಿ ಬಿಟ್ಟಿರುತ್ತವೆ. ನೋಡಬೇಕು ಅಂದರೆ ಏಪ್ರಿಲ್‌ನಲ್ಲೇ ಹೋಗಬೇಕು. ನಾವು ಮೂರನೇ ವಾರ ಹೊರಡುತ್ತೇವೆ. ಅತ್ತೆ ಈ ಸಲವೂ ಬರುತ್ತಾರಂತೆ, ಛತ್ರಿ ಹೊಸದು ತಂದಿದ್ದಾರೆ.

ಅದಕ್ಕೂ ಮುಂಚಿನ ಎರಡು ಭಾನುವಾರ ಬೆಳಗ್ಗೆ ಆರೂಕಾಲಕ್ಕೆ ನಾನು ಕೊಂಡಜ್ಜಿ ಕೆರೆಯ ಏರಿಯ ಮೇಲೆ ಇರುತ್ತೇನೆ. ನನ್ನ ಹತ್ತಿರ ಎರಡು ದುರ್ಬೀನು ಇವೆ. ಕಡಲಿಗೆ ಹೋಗುವವರು ಮಕ್ಕಳ ಜೊತೆ ಬನ್ನಿ. ಸ್ಯಾಂಡ್‌ಪೈಪರ್ ಯಾವುದು, ಟಿಟ್ಟಿಭ ಯಾವುದು, ಎಷ್ಟು ದೂರದಲ್ಲಿ ನಿಂತರೆ ಅವು ತಲೆ ಎತ್ತುವುದಿಲ್ಲ ಅನ್ನುವುದನ್ನು ಇಲ್ಲೇ ನೋಡಿಕೊಂಡು ಹೋಗಬಹುದು. ತಿಳಿ ಬಣ್ಣದ ಬಟ್ಟೆ ಹಾಕಿಕೊಂಡು, ಕುಡಿಯಲು ನೀರು ತನ್ನಿ. ಎಂಟು ಗಂಟೆಯ ಮೇಲೆ ಅಲ್ಲಿ ನಿಲ್ಲಲು ಆಗುವುದಿಲ್ಲ.

ಇಂತಿ,
ದಾವಣಗೆರೆಯ ಒಬ್ಬ ಶಿಕ್ಷಕಿ